ಬೊಜೆನಾ ಬರೆಯದ ಮಾತು

1965 ಫೆಬ್ರವರಿ 9, ಮಂಗಳವಾರ

ರಾಜ್ಯದ ರಾಜಧಾನಿ ಲಿಂಕನ್‌ನಿಂದ ಕಾಗದ ಬಂದಿದೆ. ಮಾರ್ಚ್ ತಿಂಗಳಿಗೆ ನಮ್ಮ ಜಿಲ್ಲೆಯಿಂದ ಸೈನ್ಯಕ್ಕೆ ಒಬ್ಬ ಹುಡುಗನನ್ನು ಕಳಿಸಬೇಕು. ಒಬ್ಬನೇ. ನೆಬ್ರಾಸ್ಕಾದ ಕಡ್ಡಾಯ ಸೇನಾ ಭರ್ತಿ ಮಂಡಳಿಗಳಲ್ಲಿ ನಮ್ಮಷ್ಟು ಚಿಕ್ಕದು ಇನ್ನೊಂದಿರಲಾರದು. ಹದಿನೈದು ವರ್ಷದಿಂದ ಇದರ ಗುಮಾಸ್ತೆ ನಾನು. ಒಂದು ಮೇಜು, ಒಂದು ಟೈಪ್‌ರೈಟರ್, ಎರಡು ಕಬ್ಬಿಣದ ಬೀರು. ಹದಿನೆಂಟು ತುಂಬಿದ ಪ್ರತಿಯೊಬ್ಬ ಹುಡುಗನ ಕಡತವೂ ಆ ಬೀರುಗಳಲ್ಲಿದೆ. ಇವತ್ತಿನವರೆಗೆ ಒಂದೂ ತಪ್ಪು ಜಾಗಕ್ಕೆ ಹೋಗಿಲ್ಲ. ಮಂಡಳಿಯ ಮೂವರು ಗಂಡಸರು ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಸಹಿ ಹಾಕುತ್ತಾರೆ, ಕೆಲಸ ನಾನು ಮಾಡುತ್ತೇನೆ.

ಈ ಸಲದ ಸರದಿ ಎಲ್ಡನ್ ಸ್ಲಾಮಾನದು. ಹುಡುಗ ಸೈನ್ಯ ಸೇರಲು ಒಮಾಹಾ ನಗರದ ಬಸ್ಸು ಹತ್ತುವ ಬೆಳಗ್ಗೆ ಅವನ ಕೈಗೆ ಒಂದು ಡಜನ್ ಬಿಸಿ ಕೊಲಾಚ್ ಕೊಡುವುದು ಕೊರಿಯಾ ಯುದ್ಧದ ಕಾಲದಿಂದ ನಮ್ಮೂರಿನ ಪದ್ಧತಿ. ಬನ್ನಿನ ನಡುವೆ ತುಂಬುವ ಗಸಗಸೆ ಅರೆಯಲು ಪಕ್ಕದ ಮನೆಯ ರೋಜಾಲಿ ತನ್ನ ಗಿರಣಿ ತರುತ್ತಾಳೆ. ಅವಳ ಅತ್ತೆ ಚೆಕ್ ನಾಡಿನ ಬೊಹೀಮಿಯಾದಿಂದ ಹಡಗಿನಲ್ಲಿ ಹೊತ್ತು ತಂದ ಕೈಗಿರಣಿ ಅದು. ಯಾರಿಗೂ ಎರವಲು ಕೊಡುವುದಿಲ್ಲ, ನನಗೂ ಇಲ್ಲ. ನಾನು ಕಾಳು ಸುರಿಯಬೇಕು, ಹಿಡಿ ತಿರುಗಿಸುವವಳು ಅವಳೇ. ಒಂದು ಡಜನ್ ಅಂದರೆ ಅರ್ಧ ಗಂಟೆಯ ಕೆಲಸ, ಒಂದು ಗಂಟೆಯ ಹರಟೆ.

ಫೆಬ್ರವರಿ 24, ಬುಧವಾರ

ಮಂಡಳಿಯ ಅಧ್ಯಕ್ಷ ಎಮಿಲ್ ಕುಚೇರಾ ಅಂಗಡಿ ಬಿಟ್ಟು ಮಹಡಿ ಹತ್ತಿ ಬಂದಿದ್ದರು. ಹಾರ್ಡ್‌ವೇರ್ ಅಂಗಡಿಯವರು ಗಿರಾಕಿಯ ಹೊತ್ತಿನಲ್ಲಿ ಬಂದರೆಂದರೆ ಏನೋ ಕೆಲಸ ಹಚ್ಚುವುದಕ್ಕೇ ಎಂದು ಲೆಕ್ಕ. ಮಾರ್ಚ್ ಏಳಕ್ಕೆ ನಮ್ಮೂರ ಚೆಕ್ ವಲಸಿಗರ ಹಾಲ್‌ನಲ್ಲಿ ಮಸಾರಿಕ್ ಅವರ ಜನ್ಮದಿನ. ಪ್ರತಿ ವರ್ಷ ಚೆಕ್ ದೇಶದ ಆ ಮೊದಲ ಅಧ್ಯಕ್ಷರ ಬಗ್ಗೆ ಅದೇ ಭಾಷಣ, ಅದೇ ಬಾತುಕೋಳಿ ಹುರಿದದ್ದು. ಈ ಸಲ ವಿಯೆಟ್ನಾಂ ಬಗ್ಗೆಯೂ ಮಾತಾಡಬೇಕಂತೆ. ಜನ ಕೇಳುತ್ತಿದ್ದಾರಂತೆ, ಅಷ್ಟು ದೂರದ ಜಗಳ ನಮಗೆ ಯಾಕೆ ಎಂದು. ಚೆಕ್ ನಾಡಿನ ಮೊರಾವಿಯಾದಿಂದ ನನ್ನ ದೊಡ್ಡಮ್ಮನ ಮಗಳು ಬೊಜೆನಾ ಬರೆದ ಪತ್ರವನ್ನು ನಾನು ಇಂಗ್ಲಿಷಿನಲ್ಲಿ ಓದಿ ಹೇಳಬೇಕು. ಕಮ್ಯುನಿಸ್ಟರ ಕೆಳಗೆ ಬದುಕು ಹೇಗಿರುತ್ತದೆ ಎಂದು ಹುಡುಗರಿಗೆ ಗೊತ್ತಾಗಲಿ ಎಂದರು.

ಒಪ್ಪಿಕೊಂಡೆ. ಪತ್ರದಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿಂದ ಬರುವ ಕಾಗದಗಳನ್ನು ಒಡೆದು ಓದಿಯೇ ಕಳಿಸುತ್ತಾರೆ, ಬೊಜೆನಾ ಹುಷಾರಿ.

ಮಾರ್ಚ್ 7, ಭಾನುವಾರ

ಹಾಲ್ ತುಂಬಿತ್ತು. ಬ್ಯಾಂಡಿನಲ್ಲಿ ರೋಜಾಲಿಯ ಮಗ ಲುಮೀರ್ ಕಹಳೆ ಊದಿದ. ಇಪ್ಪತ್ತು ವರ್ಷ, ಇನ್ನೂ ಕೆನ್ನೆ ಉಬ್ಬಿಸಿದರೆ ಮಗುವಿನ ಮುಖವೇ.

ಕುಚೇರಾ ಒಳ್ಳೆಯ ಮನುಷ್ಯರು, ಆದರೆ ಮೈಕು ಸಿಕ್ಕರೆ ಬಿಡುವುದಿಲ್ಲ. ಹಾಲ್‌ನಲ್ಲಿ ಇರುವುದು ಒಂದೇ ನಕ್ಷೆ, ಚೆಕೊಸ್ಲೊವಾಕಿಯಾದ್ದು. ಬಿಲಿಯರ್ಡ್ಸ್ ಕೋಲು ಹಿಡಿದು ಅದರ ಮೇಲೇ ವಿಯೆಟ್ನಾಂ ವಿವರಿಸಿದರು. "ಇದು ಉತ್ತರ ಅಂದ್ಕೊಳ್ಳಿ, ಇಲ್ಲಿಂದ ಅವರು ನುಗ್ತಾರೆ," ಎಂದು ಜರ್ಮನಿಯ ಗಡಿಗೆ ಕೋಲು ಇಟ್ಟರು. 1938ರಲ್ಲಿ ನಾಲ್ಕು ದೊಡ್ಡ ಮನುಷ್ಯರು ಮ್ಯೂನಿಕ್‌ನಲ್ಲಿ ಕೂತು ಆ ಅಂಚನ್ನು ಹಿಟ್ಲರನಿಗೆ ಕತ್ತರಿಸಿ ಕೊಟ್ಟದ್ದು, ನಮ್ಮವರನ್ನು ಕೋಣೆಯೊಳಕ್ಕೂ ಕರೆಯದಿದ್ದದ್ದು, ಹತ್ತು ವರ್ಷದ ಮೇಲೆ ಉಳಿದದ್ದನ್ನು ಕಮ್ಯುನಿಸ್ಟರು ನುಂಗಿದ್ದು, ಎಲ್ಲ ಹೇಳಿದರು. ಅವತ್ತೇ ಯಾರಾದರೂ ಅಡ್ಡ ನಿಂತಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಕೇಳಿದಾಗ ಅವರ ದನಿ ನಡುಗಿತು. ನಾನೂ ಕಣ್ಣೊರೆಸಿಕೊಂಡೆ. 1937ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ, ಬೊಜೆನಾ ಮತ್ತು ನಾನು ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಮುಂದಿನ ವರ್ಷ ಎಲ್ಲ ಮುಗಿದುಹೋಯಿತು. ಆ ಸಿಟ್ಟು ನಮ್ಮೂರಿಗೆ ಇನ್ನೂ ಇಳಿದಿಲ್ಲ.

ಆಮೇಲೆ ನನ್ನ ಸರದಿ. ಪತ್ರ ಬಿಡಿಸಿ ಓದಿದೆ. ಒಂದು ಬಾತುಕೋಳಿ ಸತ್ತಿದೆ, ಅಡುಗೆಮನೆಯ ಚಾವಣಿ ಸೋರುತ್ತಿದೆ, ಹಿತ್ತಲ ಪ್ಲಮ್ ಮರಗಳು ಈಗ ಸಹಕಾರ ಸಂಘದವು, ಮಗ ಯಾನ್‌ನ ಪಾದ ದೊಡ್ಡದಾಗಿ ಬೂಟು ಸಿಗುತ್ತಿಲ್ಲ. ಜನ ಕುರ್ಚಿಯಲ್ಲಿ ಅಲುಗಾಡತೊಡಗಿದರು. ಹಿಂದೆ ಯಾರೋ ಕೆಮ್ಮಿದರು. ಕುಚೇರಾ ನನ್ನನ್ನೇ ನೋಡುತ್ತಿದ್ದರು. ಆಗ ಕೊನೆಗೆ ಒಂದು ಸಾಲು ಬಂತು: "ನಮ್ಮನ್ನು ಬಿಟ್ಟುಕೊಟ್ಟ ಹಾಗೆ ಇನ್ನು ಯಾರನ್ನೂ ಬಿಟ್ಟುಕೊಡಬೇಡಿ."

ರೋಜಾಲಿ ಬಿಕ್ಕಿದಳು. ಗಂಡಸರು ಎದ್ದು ನಿಂತರು.

ಬೊಜೆನಾ ಅದನ್ನು ಬರೆದಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಇರುವುದು ಅದೇ ತಾನೇ. ಬರೆಯಲು ಬಿಟ್ಟರೆ ಬರೆಯುತ್ತಿದ್ದಳು.

ಮಾರ್ಚ್ 11, ಗುರುವಾರ

ನಮ್ಮ ನೌಕಾ ಸೈನಿಕರು ವಿಯೆಟ್ನಾಂನಲ್ಲಿ ದಡಕ್ಕೆ ಇಳಿದರಂತೆ. ಬರೀ ವಿಮಾನ ನಿಲ್ದಾಣ ಕಾಯಲು ಎಂದು ರೇಡಿಯೊ ಹೇಳಿತು.

ನಮ್ಮ ವಾರಪತ್ರಿಕೆ ಆ ಸಾಲನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕಿದೆ. "ಕಬ್ಬಿಣದ ಪರದೆಯಾಚೆಯಿಂದ ಒಬ್ಬ ತಾಯಿ" ಎಂದು. ಹೆಸರು ಹಾಕಬೇಡಿ ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಕುಚೇರಾ ಅದನ್ನು ಕತ್ತರಿಸಿ ತಂದು ಆಫೀಸಿನ ಕೌಂಟರಿನ ಮೇಲ್ಗಡೆ ಗೋಡೆಗೆ ಅಂಟಿಸಿದರು. ತುಸು ವಾಲಿದೆ. ಸರಿಮಾಡಬೇಕು.

ಏಪ್ರಿಲ್ 6, ಮಂಗಳವಾರ

ಲುಮೀರ್ ಬಂದಿದ್ದ. ಹಾಲಿನ ಡೈರಿಯಿಂದ ನೇರ ಬಂದಿದ್ದಾನೆ, ಮೈಯೆಲ್ಲ ಮಜ್ಜಿಗೆ ವಾಸನೆ. ಅವನ ಸರದಿ ಬರಲು ಇನ್ನೂ ಎರಡು ವರ್ಷ ಇದೆ. ತಾನಾಗಿ ಮುಂಚೆಯೇ ಹೋಗುತ್ತೇನೆಂದು ಅರ್ಜಿ ಕೇಳಿದ. ನಾನು ನಕ್ಕೆ, ಯಾವ ಹುಡುಗಿ ಬೇಡ ಅಂದಳು ಎಂದು ಕೇಳಿದೆ. ಅವನು ನಗಲಿಲ್ಲ. ಗದ್ದದಿಂದಲೇ ಗೋಡೆಯ ಆ ತುಂಡನ್ನು ತೋರಿಸಿದ.

"ಅವತ್ತಿಂದ ಅದೇ ತಲೇಲಿ ಕೂತಿದೆ ಅತ್ತೆ. ಕಹಳೆ ಊದಿಕೊಂಡು ಎಷ್ಟು ದಿನ ಇರೋದು?"

ಅರ್ಜಿ ಕೊಟ್ಟೆ. ತುಂಬಿದ, ಸಹಿ ಹಾಕಿದ, ನಾನು ಮುದ್ರೆ ಒತ್ತಿದೆ. ಹೊರಡುವ ಆದೇಶ ಅಂಚೆಗೆ ಬೀಳುವವರೆಗೆ ಅರ್ಜಿ ವಾಪಸ್ ತೆಗೆದುಕೊಳ್ಳಬಹುದು ಎಂದು ಹೇಳಿದೆ. ಎಲ್ಲರಿಗೂ ಹೇಳುವ ಮಾತೇ ಅದು.

ಏಪ್ರಿಲ್ 7

ತಲೆನೋವು. ಬೇಗ ಮನೆಗೆ ಬಂದೆ.

ಏಪ್ರಿಲ್ 9, ಶುಕ್ರವಾರ

ರೋಜಾಲಿಗೆ ಮಗ ಹೇಳಿದ್ದಾನೆ. ಬೇಲಿಯ ಹತ್ತಿರ ನಿಂತು ಅತ್ತಳು. ಗಂಡ ಟ್ರ್ಯಾಕ್ಟರ್ ಮಗುಚಿ ಹೋದ ಮೇಲೆ ಅವಳಿಗೆ ಇರುವವನು ಇವನೊಬ್ಬನೇ. ಸಮಾಧಾನ ಹೇಳಲು ಬಾಯಿ ತೆರೆದರೆ ಅವಳೇ ನನಗೆ ಹೇಳಿದಳು: "ಬೊಜೆನಾನೂ ತಾಯಿನೇ ಅಲ್ವಾ? ಅವಳು ಅಷ್ಟು ಕೇಳ್ಕೊಂಡಿರೋವಾಗ ಬೇರೆಯವರ ಮಗ ಹೋಗ್ಲಿ ಅನ್ನೋಕಾಗುತ್ತಾ?" ಆ ಪತ್ರಿಕೆಯ ತುಂಡನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ.

ಅವಳಿಗೆ ಅದರಿಂದ ಧೈರ್ಯ ಬರುತ್ತದೆ ಎಂದರೆ ನಾನು ಯಾಕೆ ಕೆಡಿಸಲಿ.

ಏಪ್ರಿಲ್ 14, ಬುಧವಾರ

ಲುಮೀರನ ಆದೇಶವನ್ನು ಟೈಪು ಮಾಡಿಟ್ಟಿದ್ದೇನೆ. ಅಂಚೆಗೆ ಹಾಕಿಲ್ಲ. ಲಕೋಟೆಗಳು ಮುಗಿದಿವೆ.

ಏಪ್ರಿಲ್ 15

ಲಕೋಟೆಗಳು ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಈಸ್ಟರ್ ಮುಗಿಯಲಿ.

ಏಪ್ರಿಲ್ 18, ಈಸ್ಟರ್

ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಊಟ. ಕುಚೇರಾ ಎದ್ದು ನಿಂತು ಈ ಜಿಲ್ಲೆಯಿಂದ ತಾನಾಗಿ ಮುಂದೆ ಬಂದ ಮೊದಲ ಹುಡುಗ ಎಂದು ಲುಮೀರನ ಹೆಸರು ಹೇಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಬ್ಯಾಂಡು ಅವನಿಗಾಗಿ ನುಡಿಸಿತು, ಅವನ ಕಹಳೆಯನ್ನು ಬೇರೆ ಯಾರೋ ಊದಿದರು. ಅವನು ಕಿವಿಯವರೆಗೆ ಕೆಂಪಾಗಿ ತಟ್ಟೆ ನೋಡುತ್ತ ಕೂತಿದ್ದ. ನನ್ನ ತಟ್ಟೆಯಲ್ಲಿದ್ದ ಕುರಿಮರಿಯ ಆಕಾರದ ಕೇಕು ಹಾಗೇ ಉಳಿಯಿತು.

ಏಪ್ರಿಲ್ 21, ಬುಧವಾರ

ಮಧ್ಯಾಹ್ನ ಡೈರಿಗೆ ಹೋದೆ. ಲುಮೀರ್ ಒಬ್ಬನೇ ಕ್ಯಾನು ತೊಳೆಯುತ್ತಿದ್ದ. ಸುತ್ತುಬಳಸದೆ ಹೇಳಿದೆ, ಆ ಸಾಲು ಪತ್ರದಲ್ಲಿ ಇರಲಿಲ್ಲ, ಅದು ನನ್ನದು ಎಂದು.

ಅವನು ಕ್ಯಾನಿನ ನೀರು ಬಗ್ಗಿಸಿ ಬೋರಲು ಹಾಕಿದ. ಸ್ವಲ್ಪ ನಕ್ಕ. "ನೀವು ಸುಳ್ಳು ಹೇಳ್ತೀರಿ ಅಂತ ಈ ಊರಲ್ಲಿ ಒಬ್ಬರೂ ನಂಬಲ್ಲ ಅತ್ತೆ."

ಆದೇಶ ನನ್ನ ಡ್ರಾಯರಿನಲ್ಲೇ ಇದೆ, ಈಗಲೇ ಹರಿದು ಹಾಕುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. ಊರೆಲ್ಲ ಚಪ್ಪಾಳೆ ತಟ್ಟಿಯಾಗಿದೆ, ಈಗ ಹೋಗುವುದಿಲ್ಲ ಎಂದರೆ ಹೆದರಿದ ಎನ್ನುತ್ತಾರೆ, ಬ್ಯಾಂಡಿನವರ ಮುಖ ಹೇಗೆ ನೋಡಲಿ ಎಂದ. ಅಂಥ ನಾಚಿಕೆ ಒಂದು ವಾರ ಇರುತ್ತದೆ ಅಷ್ಟೆ ಎಂದೆ.

"ಹಾಗಾದ್ರೆ ಒಂದು ಕೆಲಸ ಮಾಡಿ. ಭಾನುವಾರ ಎಲ್ಲರ ಮುಂದೆ ನಿಂತು ಆ ಸಾಲು ನಂದು ಅಂತ ಹೇಳಿ. ನೀವು ಹೇಳಿದ್ರೆ ನಾನೂ ವಾಪಸ್ ತಗೋತೀನಿ."

ನೆಲದ ಮೇಲೆ ಹರಿಯುತ್ತಿದ್ದ ನೀರನ್ನು ನೋಡಿದೆ. ಹದಿನೈದು ವರ್ಷದ ಕೆಲಸ. ಒಂದು ಕಡತವನ್ನೂ ತಪ್ಪು ಜಾಗಕ್ಕೆ ಹಾಕದವಳು ಎಂದು ಜಿಲ್ಲೆಯ ಜಡ್ಜ್ ಸಾಹೇಬರೇ ಹೊಗಳುತ್ತಾರೆ.

"ನೋಡಿ, ನಿಮಗೂ ಆಗಲ್ಲ," ಎಂದ. ಕೊಂಕಿನಿಂದ ಹೇಳಲಿಲ್ಲ, ಸಮಾಧಾನ ಮಾಡುವವನ ಹಾಗೆ ಹೇಳಿದ. "ಅಮ್ಮನಿಗೆ ಮಾತ್ರ ಗೊತ್ತಾಗೋದು ಬೇಡ. ಅವಳು ಅದನ್ನೇ ಹಿಡ್ಕೊಂಡಿದಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಏಪ್ರಿಲ್ 22

ಅಂಚೆಗೆ ಹಾಕಿದೆ.

ಮೇ 11, ಮಂಗಳವಾರ

ಮೂರು ಹುಡುಗರು, ಮೂರು ಡಜನ್. ನಿನ್ನೆ ರೋಜಾಲಿ ಎರಡು ಗಂಟೆ ಗಿರಣಿ ತಿರುಗಿಸಿದಳು, ಒಂದು ಮಾತೂ ಆಡಲಿಲ್ಲ. ಅವಳ ಕಣ್ಣೀರು ಗಸಗಸೆಗೆ ಬೀಳದಂತೆ ಬಟ್ಟಲನ್ನು ಈಚೆಗೆ ಎಳೆದುಕೊಂಡೆ. ಬಸ್ಸಿನ ಹತ್ತಿರ ಲುಮೀರ್ ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಮೂಸಿ ನೋಡಿ, ಒಮಾಹಾ ತಲುಪುವುದರೊಳಗೆ ಮುಗಿಯುತ್ತದೆ ಎಂದ. ಅಮ್ಮನನ್ನು ತಬ್ಬಿಕೊಂಡ. ಅವಳ ಭುಜದ ಮೇಲಿಂದ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ.

ಜೂನ್ 17

ಐದು ಜನ. ನಮ್ಮ ಎರಡೂ ಮನೆಯ ಒಲೆಯಲ್ಲಿ ಬೇಯಿಸಬೇಕಾಯಿತು.

ಜುಲೈ 29, ಗುರುವಾರ

ನಿನ್ನೆ ಮಧ್ಯಾಹ್ನ ಅಮೆರಿಕದ ಅಧ್ಯಕ್ಷರು ಟಿ.ವಿ.ಯಲ್ಲಿ ಮಾತಾಡಿದರು. ಸೈನ್ಯಕ್ಕೆ ಕಳಿಸುವ ಹುಡುಗರ ಸಂಖ್ಯೆ ತಿಂಗಳಿಗೆ ಹದಿನೇಳು ಸಾವಿರ ಇದ್ದದ್ದು ಮೂವತ್ತೈದು ಸಾವಿರ ಆಗುತ್ತದೆ. ಅವರೂ ಮ್ಯೂನಿಕ್‌ ಹೆಸರು ಎತ್ತಿದರು. ನಮ್ಮ ಕುಚೇರಾ ಮಾತಾಡುವ ಹಾಗೇ ಇತ್ತು. ವಾಷಿಂಗ್ಟನ್ನಿನಲ್ಲೂ ಗೋಡೆಗೆ ಅದೇ ಹಳೆಯ ನಕ್ಷೆ ಹಾಕಿದ್ದಾರೇನೋ.

ಸಂಜೆ ಮಂಡಳಿಯ ಸಭೆ. ಕಾಫಿ ಬಗ್ಗಿಸುತ್ತ ಕುಚೇರಾ ಅವರನ್ನು ಕೇಳಿದೆ, ವಿಮಾನ ನಿಲ್ದಾಣ ಕಾಯಲು ಇಷ್ಟು ಜನ ಬೇಕೇ ಎಂದು. ಮಂಡಳಿಯಲ್ಲಿ ನಾನು ಪ್ರಶ್ನೆ ಕೇಳಿದ್ದು ಇದೇ ಮೊದಲು. ಅಲ್ಲಿರುವವರನ್ನು ಕಾಯಲು ಇನ್ನಷ್ಟು ಜನ ಬೇಕಲ್ಲ ಎಂದರು. ಆ ಇನ್ನಷ್ಟು ಜನರನ್ನು ಕಾಯಲು ಯಾರು ಎಂದೆ. ಅವರು ಚಮಚವನ್ನು ಬಹಳ ಹೊತ್ತು ತಿರುಗಿಸಿದರು.

"ನಮ್ಮದು ದೊಡ್ಡ ದೇಶ, ಆಲ್ಬೀನಾ. ನಾವಿದ್ದೀವಿ ಅಂತ ಮಾತು ಕೊಟ್ಟಾಗಿದೆ. ಈಗ ಇಲ್ಲ ಅಂದ್ರೆ ನಾಳೆ ಯಾರು ನಂಬ್ತಾರೆ? ಹೋಗಿರೋ ಹುಡುಗರ ತಾಯಂದಿರ ಮುಖ ನಾನು ಹೇಗೆ ನೋಡಲಿ?"

ಬ್ಯಾಂಡಿನವರ ಮುಖ ಹೇಗೆ ನೋಡಲಿ ಎಂದು ಲುಮೀರನೂ ಕೇಳಿದ್ದ. ಇಪ್ಪತ್ತರ ಹುಡುಗನಿಗೂ, ಇಷ್ಟು ದೊಡ್ಡ ದೇಶಕ್ಕೂ ಭಯ ಒಂದೇ. ನಾನಂತೂ ನಗುವ ಹಾಗಿಲ್ಲ.

ಸೆಪ್ಟೆಂಬರ್ 14, ಮಂಗಳವಾರ

ಎಂಟು ಜನ, ಎಂಟು ಡಜನ್. ಮಣಿಕಟ್ಟು ಊದಿದೆ. ರೋಜಾಲಿ ತನ್ನ ಕೈಗೆ ಬಿಗಿದುಕೊಳ್ಳುವ ಉಣ್ಣೆಯ ಪಟ್ಟಿಯನ್ನು ನನಗೂ ಒಂದು ಹೆಣೆದು ಕೊಟ್ಟಳು.

ಲುಮೀರ್ ತರಬೇತಿ ಶಿಬಿರದಿಂದ ಅವಳಿಗೆ ಬರೆದ ಪತ್ರವನ್ನು ಗಿರಣಿಯ ಪಕ್ಕದಲ್ಲಿಟ್ಟು ಓದಿಸಿದಳು. "ಇಲ್ಲಿ ನಿಜವಾದ ವಿಯೆಟ್ನಾಂ ನಕ್ಷೆ ತೋರಿಸಿದರು. ಹುರುಳಿಕಾಯಿಯ ಹಾಗೆ ಉದ್ದಕ್ಕೆ ಬಾಗಿದೆ. ನಮ್ಮ ಹಾಲ್‌ನ ನಕ್ಷೆಗೂ ಇದಕ್ಕೂ ಏನೂ ಸಂಬಂಧ ಇಲ್ಲ ಅಂತ ಕುಚೇರಾ ಮಾವನಿಗೆ ಹೇಳು." ರೋಜಾಲಿ ನಕ್ಕಳು. ನಾನೂ ನಕ್ಕೆ. ಪತ್ರ ಮಡಿಸುವಾಗ ಅವಳು ಕೇಳಿದಳು, ಬೊಜೆನಾಗೆ ನನ್ನ ಮಗನ ವಿಷಯ ಬರೆದೆಯಾ, ಅವಳ ಮಾತು ಕೇಳಿ ಒಬ್ಬ ಹೋದ ಎಂದು ಗೊತ್ತಾದರೆ ಅವಳಿಗೂ ಸಮಾಧಾನ ಆಗುತ್ತದೆ ಎಂದು. ಬರೆಯುತ್ತೇನೆ ಎಂದೆ.

ಆಫೀಸಿನಲ್ಲಿ ಗೋಡೆಯ ಆ ತುಂಡಿನ ಮುಂದೆ ಕ್ಯಾಲೆಂಡರ್ ನೇತುಹಾಕಿದ್ದೇನೆ. ಕ್ಯಾಲೆಂಡರಿನ ಹಳೆಯ ಜಾಗದಲ್ಲಿ ಬಿಸಿಲು ಬೀಳುತ್ತಿತ್ತು.

ಅಕ್ಟೋಬರ್ 20, ಬುಧವಾರ

ಲುಮೀರ್ ಕ್ಯಾಲಿಫೋರ್ನಿಯಾದಿಂದ ಹಡಗು ಹತ್ತಿದ. ಮೂರು ವಾರದ ಪ್ರಯಾಣವಂತೆ. ನೆಬ್ರಾಸ್ಕಾದ ಹುಡುಗ, ಸಮುದ್ರವನ್ನೇ ಮೊದಲ ಸಲ ನೋಡುತ್ತಿರುವುದು.

ಇವತ್ತೇ ಬೊಜೆನಾಳ ಕಾಗದವೂ ಬಂತು. ಕುಚೇರಾಗೆ ಅಂಚೆಯವನಿಂದ ಸುದ್ದಿ ನನಗಿಂತ ಮೊದಲು ತಲುಪಿದೆ. ಇಪ್ಪತ್ತೆಂಟಕ್ಕೆ ಚೆಕ್ ಸ್ವಾತಂತ್ರ್ಯ ದಿನ, ಹಾಲ್‌ನಲ್ಲಿ ಓದಲೇಬೇಕು, ಈ ಸಲ ಒಮಾಹಾ ಪತ್ರಿಕೆಯವರೂ ಬರುತ್ತಾರೆ ಎಂದರು. ಜನರಿಗೆ ಸ್ವಲ್ಪ ಧೈರ್ಯ ಬೇಕಾಗಿದೆ ಎಂದರು.

ಅಕ್ಟೋಬರ್ 28, ಗುರುವಾರ

ಎಲ್ಲವನ್ನೂ ನಡೆದ ಹಾಗೇ ಬರೆಯಬೇಕು.

ರೋಜಾಲಿ ಮೊದಲ ಸಾಲಿನಲ್ಲಿ ಪ್ರಾರ್ಥನೆ ಪುಸ್ತಕ ಹಿಡಿದು ಕೂತಿದ್ದಳು. ನಾನು ಪತ್ರ ಬಿಡಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಚಾವಣಿ ರಿಪೇರಿ ಆಯಿತು. ಹೊಸ ಬಾತುಕೋಳಿ ಮರಿಗಳು ಆರು. ಮಗ ಯಾನ್ ಸೈನ್ಯಕ್ಕೆ ಹೋಗಿದ್ದಾನೆ, ಅವನ ಪಾದದ ಅಳತೆಯ ಬೂಟು ಅಲ್ಲಿ ಸಿಕ್ಕಿತು. ಅವಳ ಕಾರ್ಖಾನೆಯಲ್ಲಿ ಎಲ್ಲರೂ ಒಂದು ಭಾನುವಾರ ಹೆಚ್ಚು ಕೆಲಸ ಮಾಡಿ ವಿಯೆಟ್ನಾಂನ ಮಕ್ಕಳಿಗೆ ಅಂಗಿ ಹೊಲಿದು ಕಳಿಸಿದರು, ಸಣ್ಣ ಗುಂಡಿ ಹೊಲಿದು ಕಣ್ಣು ನೋವು. ಆ ಬೇಸಿಗೆ ನೆನಪಿದೆಯಾ, ನೀನು ಪ್ಲಮ್ ಮರದಿಂದ ಬಿದ್ದದ್ದು. ಮುತ್ತುಗಳೊಂದಿಗೆ, ಬೊಜೆನಾ.

ಮಡಿಸಿದೆ. ಜನ ಕಾಯುತ್ತಲೇ ಇದ್ದರು. ಒಮಾಹಾದವನು ಪೆನ್ಸಿಲ್ ಎತ್ತಿ ಹಿಡಿದಿದ್ದ.

"ಅಷ್ಟೇನಾ?" ಎಂದರು ಕುಚೇರಾ.

"ಅಷ್ಟೇ," ಎಂದೆ.

ಕೆಳಗೆ ಇಳಿಯಲು ತಿರುಗಿದಾಗ ರೋಜಾಲಿ ಕೂತಲ್ಲಿಂದಲೇ ಕೇಳಿದಳು. ದೊಡ್ಡ ದನಿಯಲ್ಲ, ಬೇಲಿಯಾಚೆಯಿಂದ ಉಪ್ಪು ಕೇಳುವ ಹಾಗೆ. "ಹೋದ ಸಲದ ಪತ್ರದಲ್ಲೂ ಇಷ್ಟೇ ಇತ್ತಾ ಆಲ್ಬೀನಾ?"

ಹೌದು ಎಂದೆ. ಆ ಸಾಲು ಬೊಜೆನಾಳದ್ದಲ್ಲ, ನನ್ನದು ಎಂದೆ. ಏಳು ತಿಂಗಳು ಮುಚ್ಚಿಟ್ಟಿದ್ದದ್ದು ಎರಡೇ ಮಾತಿನಲ್ಲಿ ಮುಗಿಯಿತು. ಕುಚೇರಾ ಎದ್ದು ನಿಂತು, ಯಾರ ಮಾತಾದರೇನು, ಅರ್ಥ ನಿಜ ತಾನೇ ಎಂದು ಹೇಳಿ ಬ್ಯಾಂಡಿನವರಿಗೆ ಕೈ ಮಾಡಿದರು. ಬ್ಯಾಂಡು ಶುರುವಾಯಿತು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ರೋಜಾಲಿ ನನ್ನ ಹತ್ತಿರ ಬಂದಳು. "ಲುಮೀರನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಆದೇಶ ಅಂಚೆಗೆ ಹಾಕೋ ಮುಂಚೆ ಹೇಳಿದ್ದೆ. ಎಲ್ಲರ ಮುಂದೆ ಒಪ್ಕೊಂಡ್ರೆ ತಾನೂ ಉಳ್ಕೋತೀನಿ ಅಂದಿದ್ದ."

ಅವಳು ನನ್ನ ಮುಖವನ್ನೇ ನೋಡಿದಳು. "ಇವತ್ತು ಹೇಳಿದ್ಯಲ್ಲ. ಇದನ್ನ ಅವತ್ತು ಹೇಳೋಕೆ ಏನಾಗಿತ್ತು?"

ಅವಳು ಪ್ರಾರ್ಥನೆ ಪುಸ್ತಕದಿಂದ ಪತ್ರಿಕೆಯ ತುಂಡು ತೆಗೆದು, ಹರಿಯದೆ, ನನ್ನ ಕೈಗಿಟ್ಟು ಹೋದಳು.

ನವೆಂಬರ್ 8, ಸೋಮವಾರ

ನಾಳೆ ಹನ್ನೊಂದು ಹುಡುಗರು. ನನ್ನ ಕೆಲಸ ಹೋಗಿಲ್ಲ, ಯಾರೂ ಏನೂ ಅನ್ನಲಿಲ್ಲ. ಅಷ್ಟಕ್ಕೆ ನಾನು ಹೆದರಿದ್ದೆ.

ಬೆಳಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ರೋಜಾಲಿಯ ಗಿರಣಿ ಇತ್ತು. ತೊಳೆದು, ಒರೆಸಿ, ಹಿಡಿಗೆ ಎಣ್ಣೆ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಚೀಟಿ ಇಲ್ಲ. ಹೋಗಿ ಅವಳ ಬಾಗಿಲು ತಟ್ಟಿದೆ. ಒಳಗೆ ಒಲೆಯ ಮೇಲೆ ಪಾತ್ರೆ ಸದ್ದಾಗುತ್ತಿತ್ತು, ಬಾಗಿಲು ತೆರೆಯಲಿಲ್ಲ.

ಗಿರಣಿಯನ್ನು ಮೇಜಿನ ಅಂಚಿಗೆ ಬಿಗಿದೆ. ಎಡಗೈಯಲ್ಲಿ ಕಾಳು ಸುರಿಯುತ್ತ ಬಲಗೈಯಲ್ಲಿ ಹಿಡಿ ತಿರುಗಿಸಿ ನೋಡಿದೆ. ಅರ್ಧ ಗಸಗಸೆ ನೆಲಕ್ಕೆ ಬಿತ್ತು. ಗುಡಿಸಿ ಎತ್ತಿದೆ. ಇನ್ನು ಹನ್ನೊಂದು ಡಜನ್ ಆಗಬೇಕು.